ತುಂಬಿದ ಕೊಡ ಬಿದ್ದರೆ

ತುಂಬಿದ ಕೊಡ ತುಳುಕುವುದಿಲ್ಲ ಅಂತ ಗಾದೆ ಇದೆ. ಅದೇ ತುಂಬಿದ ಕೊಡ ಮೇಲಿಂದ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಗಾದೆ ಇಲ್ಲ. ಈಚೆಗೆ ನನ್ನ ತಲೆಯಲ್ಲಿ ಇದೇ ಪ್ರಶ್ನೆ ಸುತ್ತುತ್ತಿದೆ, ಸ್ವಲ್ಪ ವಿಚಿತ್ರ ರೂಪದಲ್ಲಿ.

ಒಂದು ಗಟ್ಟಿ ಉಕ್ಕಿನ ಡ್ರಮ್ಮು ಅಂದುಕೊಳ್ಳಿ. ಬಾಯಿತನಕ ನೀರು, ಒಂದು ಗುಳ್ಳೆಯೂ ಇಲ್ಲ. ಆ ನೀರಿನೊಳಗೆ ಒಬ್ಬ ಮನುಷ್ಯ ಉಸಿರು ಬಿಗಿಹಿಡಿದು ಕೂತಿದ್ದಾನೆ. ಮುಚ್ಚಳವನ್ನು ಬೋಲ್ಟ್ ಹಾಕಿ ಬಿಗಿದಿದೆ. ಈಗ ಡ್ರಮ್ಮನ್ನು 20 ಮೀಟರ್ ಎತ್ತರದಿಂದ, ಅಂದರೆ ಒಂದು ಹಳೇ ತೆಂಗಿನ ಮರದ ತುದಿಯಿಂದ, ಬಂಡೆಯ ಮೇಲೆ ಬಿಡುತ್ತೇವೆ. ಒಳಗಿನವನು ಬದುಕುತ್ತಾನಾ? ಇದು ತಲೆಯೊಳಗೆ ಮಾತ್ರ ಮಾಡುವ ಪ್ರಯೋಗ. ಯಾರೂ ಡ್ರಮ್ಮು ಹುಡುಕಿಕೊಂಡು ಹೋಗಬೇಡಿ.

ಪ್ರಶ್ನೆ ಹುಟ್ಟಿಸಿದ್ದು ಅಕ್ಕನ ಮಗ. ಹಾಸನದಲ್ಲಿ ಪಿಯುಸಿ ಓದುತ್ತಿದ್ದಾನೆ, ಸೈನ್ಸು. "ಏನೂ ಆಗಲ್ಲ ಮಾಮ, ನೀರು ಮೆತ್ತಗಿರುತ್ತಲ್ವಾ" ಅಂದ. ಪೇಪರ್ ಓದುತ್ತಾ ಕೂತಿದ್ದ ಭಾವ ತಲೆ ಎತ್ತದೆಯೇ, "ನೀರು ಮೆತ್ತಗೆ ಅಂತ ಯಾರಪ್ಪ ಹೇಳಿದ್ದು? ಎತ್ತರದಿಂದ ಬಿದ್ರೆ ಕಾಂಕ್ರೀಟ್ ಇದ್ದಂಗೆ" ಅಂದರು. ಇಬ್ಬರ ಮಾತಿನಲ್ಲೂ ಸತ್ಯ ಇದೆ. ಆದರೆ ಇಬ್ಬರೂ ಮಾತಾಡುತ್ತಿದ್ದದ್ದು ಬೇರೆ ಬೇರೆ ನೀರಿನ ಬಗ್ಗೆ.

ಕೆರೆಗೆ ಹಾರಿದವನಿಗೆ ನೀರು ಜಾಗ ಬಿಡುತ್ತದೆ. ಪಕ್ಕಕ್ಕೆ ಸರಿಯುತ್ತದೆ, ಮೇಲಕ್ಕೆ ಚಿಮ್ಮುತ್ತದೆ. ಹಾರಿದವನು ಒಂದೆರಡು ಮೀಟರ್ ಒಳಗೆ ಹೋಗಿ ನಿಧಾನಕ್ಕೆ ನಿಲ್ಲುತ್ತಾನೆ. ಅವನನ್ನು ಉಳಿಸುವುದು ಆ ಒಂದೆರಡು ಮೀಟರ್. ತುಂಬ ಎತ್ತರದಿಂದ ಅಡ್ಡಡ್ಡ ಬಿದ್ದರೆ ನೀರಿಗೆ ಸರಿಯಲು ಸಮಯ ಸಿಗುವುದಿಲ್ಲ, ಆಗ ಭಾವ ಹೇಳಿದ ಕಾಂಕ್ರೀಟು. ಡ್ರಮ್ಮಿನೊಳಗೆ ಈ ಎರಡೂ ಇಲ್ಲ. ಅಲ್ಲಿ ಮನುಷ್ಯ ಮೊದಲೇ ನೀರಿನೊಳಗಿದ್ದಾನೆ. ನೀರು ಅವನ ಜೊತೆಗೇ ಬೀಳುತ್ತಿದೆ, ಅವನ ಜೊತೆಗೇ ನಿಲ್ಲುತ್ತದೆ.

ಲೆಕ್ಕ ದೊಡ್ಡದೇನಲ್ಲ. 20 ಮೀಟರ್ ಬಿದ್ದದ್ದು ನೆಲ ಮುಟ್ಟುವಾಗ ಗಂಟೆಗೆ ಸುಮಾರು 71 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ವೇಗ ಎಷ್ಟು ದೂರದಲ್ಲಿ ಸೊನ್ನೆಯಾಗುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ, ಸರಾಸರಿ ಪೆಟ್ಟು ಎಷ್ಟು ಜಿ ಅಂತ ಸಿಗುತ್ತದೆ. 1 ಜಿ ಅಂದರೆ ನಾವು ದಿನವೂ ಹೊತ್ತು ತಿರುಗುವ ನಮ್ಮ ತೂಕ. ಬಂಡೆಗೆ ಬಡಿದ ಡ್ರಮ್ಮಿನ ತಳ 2 ಸೆಂಟಿಮೀಟರ್ ಒಳಗೆ ತಗ್ಗಿತು ಅನ್ನೋಣ. 20 ಮೀಟರನ್ನು 2 ಸೆಂಟಿಮೀಟರಿನಿಂದ ಭಾಗಿಸಿದರೆ ಸಾವಿರ. 1,000 ಜಿ. ಇದೆಲ್ಲ ಮುಗಿಯಲು ತಗಲುವ ಸಮಯ ಸೆಕೆಂಡಿನ ಐನೂರರಲ್ಲಿ ಒಂದು ಪಾಲು. ಅದೇ ಡ್ರಮ್ಮು ಉತ್ತ ಹೊಲಕ್ಕೆ ಬಿದ್ದು ಮಣ್ಣಿನಲ್ಲಿ 20 ಸೆಂಟಿಮೀಟರ್ ಹೂತುಕೊಂಡರೆ 100 ಜಿ.

ನೀರು ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಡ್ರಮ್ಮಿನ ತುಂಬ ನೀರಿದ್ದರೂ ಮಣ್ಣಿದ್ದರೂ ನಿಲ್ಲುವ ದೂರ ಅದೇ 2 ಸೆಂಟಿಮೀಟರ್. ನೀರಿಗೆ ಪೆಟ್ಟನ್ನು ನುಂಗುವ ಶಕ್ತಿ ಇಲ್ಲ. ಅದು ಮಾಡುವುದು ಬೇರೆ ಕೆಲಸ. ಪೆಟ್ಟನ್ನು ಮೈಯೆಲ್ಲಕ್ಕೂ ಹಂಚುತ್ತದೆ.

ಹಂಚುವುದು ಸಣ್ಣ ಉಪಕಾರವೇನಲ್ಲ. ಖಾಲಿ ಡ್ರಮ್ಮಿನಲ್ಲಿ ಕೂತು ಬಿದ್ದವನಿಗೆ ಪೆಟ್ಟೆಲ್ಲ ಕೂತ ಜಾಗದಲ್ಲೇ, ಬೆನ್ನುಮೂಳೆಯ ಬುಡದಲ್ಲೇ ಬೀಳುತ್ತದೆ. ನೀರಿನಲ್ಲಿದ್ದವನನ್ನು ನೀರು ಎಲ್ಲ ಕಡೆಯಿಂದಲೂ ಒತ್ತಿ ಹಿಡಿಯುತ್ತದೆ. ನೀರಿನಲ್ಲಿ ನಮ್ಮ ತೂಕ ಕಳೆದುಹೋದ ಹಾಗೆ ಅನಿಸುವುದು ಆರ್ಕಿಮಿಡೀಸ್ ಕಂಡ ಆ ತೇಲುಬಲದಿಂದ. 1,000 ಜಿಯಲ್ಲಿ ನಮ್ಮ ತೂಕ ಸಾವಿರ ಪಟ್ಟಾದರೆ ತೇಲುಬಲವೂ ಸಾವಿರ ಪಟ್ಟಾಗುತ್ತದೆ. ಒಂದು ಇನ್ನೊಂದನ್ನು ಹೊಡೆದುಹಾಕುತ್ತದೆ. ನೀರಿನಷ್ಟೇ ಸಾಂದ್ರತೆಯ ವಸ್ತು ಇದ್ದಲ್ಲೇ ಇರುತ್ತದೆ. ತಳಕ್ಕೆ ಹೋಗಿ ಬಡಿಯುವುದೇ ಇಲ್ಲ.

ಇದನ್ನು ಮೊದಲು ಬರೆದಿಟ್ಟವರಲ್ಲಿ ಒಬ್ಬ ಮೇಷ್ಟ್ರು ಅನ್ನುವುದು ನನಗೆ ಖುಷಿಯ ವಿಷಯ. ಕಾನ್‌ಸ್ಟಾಂಟಿನ್ ತ್ಸಿಯೋಲ್ಕೋವ್‌ಸ್ಕಿ. ರಾಕೆಟ್ ವಿಜ್ಞಾನದ ಹಿರಿಯ ಅಂತ ಈಗ ಎಲ್ಲರಿಗೂ ಗೊತ್ತು. 1891ರಲ್ಲಿ ಅವರು ರಷ್ಯಾದ ಬೋರೋವ್‌ಸ್ಕ್ ಅನ್ನುವ ಸಣ್ಣ ಊರಿನಲ್ಲಿ ಪಾಠ ಹೇಳುತ್ತಿದ್ದರು, ಚಿಕ್ಕಂದಿನ ಜ್ವರದಿಂದ ಕಿವಿ ಹೆಚ್ಚುಕಡಿಮೆ ಕೇಳುತ್ತಿರಲಿಲ್ಲ. ಸೂಕ್ಷ್ಮ ವಸ್ತುಗಳನ್ನು ಪೆಟ್ಟಿನಿಂದ ಕಾಪಾಡುವುದು ಹೇಗೆ ಅಂತ ಆ ವರ್ಷ ಒಂದು ಲೇಖನ ಬರೆದರು. ಅವರ ಉದಾಹರಣೆ ಉಪ್ಪುನೀರಿನಲ್ಲಿ ತೇಲಿಬಿಟ್ಟ ಕೋಳಿಮೊಟ್ಟೆ. ಲೋಟವನ್ನು ಮೇಜಿಗೆ ಕುಟ್ಟಿದರೂ ಮೊಟ್ಟೆಗೆ ಏನೂ ಆಗುವುದಿಲ್ಲ.

ಅಡುಗೆಮನೆಯಲ್ಲಿ ಮಾಡಿ ನೋಡಬಹುದು. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬದಲ್ಲಿ ಅರ್ಧ ನೀರು ಹಾಕಿ ಉಪ್ಪು ಕರಗಿಸಿದೆ. ಲೀಟರಿಗೆ ನೂರು ಗ್ರಾಂ ದಾಟಿದ ಮೇಲೆ ಮೊಟ್ಟೆ ತಳ ಬಿಟ್ಟು ಎದ್ದಿತು. ಮೇಲೆ ಸೌಟು ಅಡ್ಡ ಹಿಡಿದು ಮೆಲ್ಲಗೆ ಸಿಹಿನೀರು ಸುರಿದರೆ ಉಪ್ಪುನೀರು ಕೆಳಗೇ ಉಳಿಯುತ್ತದೆ, ಮೊಟ್ಟೆ ಎರಡರ ನಡುವೆ ನಿಲ್ಲುತ್ತದೆ. ಹತ್ತಿರ ಹೋಗಿ ನೋಡಿದೆ. ಮೊಟ್ಟೆ ನಿಧಾನಕ್ಕೆ ತಿರುಗಿ, ದಪ್ಪ ತುದಿ ಮೇಲೆ ಮಾಡಿ ನಿಂತಿತು. ದಪ್ಪ ತುದಿಯ ಚಿಪ್ಪಿನ ಕೆಳಗೆ ಗಾಳಿಯ ಸಣ್ಣ ಕೋಶ ಇರುತ್ತದಲ್ಲ, ಅದು ಮೇಲಕ್ಕೆ ಎಳೆಯುತ್ತದೆ. ಡಬ್ಬದ ಅಂಚಿನತನಕ ನೀರು ತುಂಬಿ ಮುಚ್ಚಳ ಬಿಗಿದು ಮೇಜಿನ ಮೇಲೆ ಕುಟ್ಟಿದೆ. ಮೊಟ್ಟೆ ಒಂಚೂರು ನಡುಗಿತು, ಅಷ್ಟೇ. ಆಮೇಲೆ ಎರಡು ಲೋಟ ನೀರು ಚೆಲ್ಲಿ ಅದೇ ಡಬ್ಬವನ್ನು ಜೋರಾಗಿ ಅಲ್ಲಾಡಿಸಿದರೆ ಒಳಗೆ ನೀರು ಅತ್ತಿಂದಿತ್ತ ಅಪ್ಪಳಿಸಿ ಮೊಟ್ಟೆಯನ್ನು ಗೋಡೆಗೆ ಎತ್ತಿ ಒಗೆಯಿತು. ಬಿರುಕು ಬಿಟ್ಟಿತು. "ಮೊಟ್ಟೆ ದಂಡ ಮಾಡಿದ್ಯಲ್ಲೋ" ಅಂತ ಅಮ್ಮ ಬೈದರು. ಗಾದೆ ಎಷ್ಟು ಸರಿ ಅಂತ ಮಾತ್ರ ಗೊತ್ತಾಯಿತು. ತುಳುಕಲು ಜಾಗ ಇದ್ದರೆ ನೀರೇ ಸುತ್ತಿಗೆ.

ಹಾಗಾದರೆ ಅಕ್ಕನ ಮಗ ಗೆದ್ದನಾ? ಮನುಷ್ಯ ಮೊಟ್ಟೆಯ ಹಾಗೆ ಒಂದೇ ತುಂಡಾಗಿದ್ದರೆ ಗೆಲ್ಲುತ್ತಿದ್ದ.

ಭಾರದ್ದಕ್ಕೂ ಹಗುರದ್ದಕ್ಕೂ ಪೆಟ್ಟು ಒಂದೇ ಥರ ಅಲ್ಲ ಅನ್ನುವುದನ್ನು ನೋಡಬೇಕಾದರೆ ಹಾಸನದಿಂದ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಹೋಗುವ ಬಸ್ಸು ಹತ್ತಿ. ಕೈಯಲ್ಲೊಂದು ನೀರಿನ ಬಾಟಲಿ ಇರಲಿ. ಪೂರ್ತಿ ತುಂಬಿ ಕಡಲೆಕಾಳಿನಷ್ಟು ಗುಳ್ಳೆ ಒಂದನ್ನು ಒಳಗೆ ಬಿಡಿ. ಬಾಟಲಿಯನ್ನು ಅಡ್ಡ ಮಲಗಿಸಿ, ಮೂತಿ ಡ್ರೈವರ್ ಕಡೆ ಇರುವ ಹಾಗೆ ತೊಡೆಯ ಮೇಲೆ ಇಟ್ಟುಕೊಳ್ಳಿ. ಹಂಪ್ ಬಂತು, ಡ್ರೈವರ್ ಬ್ರೇಕ್ ತುಳಿದರು. ಜನ, ಚೀಲ, ಕಂಡಕ್ಟರ್ ಎಲ್ಲರೂ ಮುಂದಕ್ಕೆ ವಾಲಿದರು. ಗುಳ್ಳೆ ಮಾತ್ರ ಸರಕ್ಕನೆ ಹಿಂದಕ್ಕೆ ಓಡಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಸ್ವಲ್ಪ ಹೊತ್ತು ಇದನ್ನೇ ನೋಡಿ, "ನಾವೆಲ್ಲ ಮುಂದಕ್ ಬಿದ್ರೆ ಇದೊಂದು ಹಿಂದಕ್ ಹೋಯ್ತದಲ್ಲ ಸ್ವಾಮಿ" ಅಂದರು. ಭಾರದ ನೀರು ಮುಂದಿನ ಜಾಗ ಹಿಡಿದುಕೊಳ್ಳುತ್ತದೆ, ಹಗುರ ಗಾಳಿ ಹಿಂದೆ ಉಳಿಯುತ್ತದೆ ಅಂದೆ. ಬೇಲೂರು ಬರುವತನಕ ಬಾಟಲಿ ಅವರ ತೊಡೆಯ ಮೇಲಿತ್ತು.

ಹಾಸನದ ಸಾಲಗಾಮೆ ರಸ್ತೆಯಲ್ಲಿ ದೊಡ್ಡ ದೊಡ್ಡ ಆಂಟೆನಾ ಇಟ್ಟುಕೊಂಡಿರುವ ಇಸ್ರೋ ಕೇಂದ್ರದವರಿಗೆ ಇದೇ ಗುಳ್ಳೆಯ ತಲೆನೋವು ಬೇರೆ ರೀತಿಯಲ್ಲಿ ಇರುತ್ತದೆ. ಅಲ್ಲಿಂದ ನಿಯಂತ್ರಿಸುವ ಉಪಗ್ರಹಗಳ ಟ್ಯಾಂಕಿನಲ್ಲಿ ದ್ರವ ಇಂಧನ ಇರುತ್ತದೆ, ಖಾಲಿಯಾದಷ್ಟೂ ಅದರ ಮಧ್ಯೆ ಅನಿಲ. ತೂಕವೇ ಇಲ್ಲದ ಜಾಗದಲ್ಲಿ ಗುಳ್ಳೆಗೆ ಮೇಲೆ ಯಾವುದು ಕೆಳಗೆ ಯಾವುದು ಅಂತ ಗೊತ್ತಿರುವುದಿಲ್ಲ. ಎಂಜಿನ್ನಿಗೆ ಗುಳ್ಳೆ ಹೋದರೆ ಕೆಲಸ ಕೆಟ್ಟಿತು. ನಮ್ಮ ಉಪಗ್ರಹಗಳ ಮುಖ್ಯ ಎಂಜಿನ್ನು ತಳ್ಳುವುದು 440 ನ್ಯೂಟನ್ ಬಲದಿಂದ. ಮೂರು ಟನ್ನಿನ ಉಪಗ್ರಹಕ್ಕೆ ಅದು ಒಂದು ಜಿಯ ಅರವತ್ತರಲ್ಲಿ ಒಂದು ಪಾಲೂ ಅಲ್ಲ. ಅಷ್ಟು ಸಾಕು, ದ್ರವ ಒಂದು ಕಡೆ, ಗುಳ್ಳೆ ಇನ್ನೊಂದು ಕಡೆ ಆಗಿಬಿಡುತ್ತದೆ.

ಈಗ ಡ್ರಮ್ಮಿಗೆ ಒಂದು ಮೊಳೆ, ಒಂದು ಬೆಂಡು ಹಾಕೋಣ. ಬೀಳುತ್ತಿರುವ ಎರಡು ಸೆಕೆಂಡು ಒಳಗೆ ಯಾರಿಗೂ ತೂಕ ಇಲ್ಲ. ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಮೊಳೆ ಮುಳುಗುವುದಿಲ್ಲ, ಬೆಂಡು ಏಳುವುದಿಲ್ಲ. ಉಪಗ್ರಹದ ಟ್ಯಾಂಕಿನದ್ದೇ ಸ್ಥಿತಿ. ನೆಲ ಮುಟ್ಟಿದ ಕ್ಷಣ ಮೊಳೆ ಬಂಡೆಯ ಕಡೆ ನುಗ್ಗುತ್ತದೆ. ಬೆಂಡು ಬಂಡೆಯಿಂದ ದೂರ, ಮುಚ್ಚಳದ ಕಡೆ ಚಿಮ್ಮುತ್ತದೆ. ಮನುಷ್ಯನ ಮೈಯಲ್ಲಿ ಮೊಳೆಯೂ ಇದೆ, ಬೆಂಡೂ ಇದೆ. ಮೂಳೆ ನೀರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಕೊಬ್ಬು ನೀರಿಗಿಂತ ಹಗುರ. ಸ್ನಾಯು ಒಂಚೂರು ಜಾಸ್ತಿ. ಶ್ವಾಸಕೋಶದಲ್ಲಿ ಗಾಳಿ. ಹೊರಗಿನಿಂದ ನೋಡಿದರೆ ಒಬ್ಬ ಮನುಷ್ಯ ನೀರಿನಲ್ಲಿ ಸಮವಾಗಿ ತೇಲುತ್ತಿದ್ದಾನೆ. ಒಳಗೆ ಅವನ ಒಂದೊಂದು ಭಾಗವೂ ಒಂದೊಂದು ದಿಕ್ಕಿಗೆ ಹೊರಟಿದೆ.

ಮಿದುಳಿನ ಲೆಕ್ಕ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ತಲೆಬುರುಡೆಯೂ ನೀರು ತುಂಬಿ ಮುಚ್ಚಿದ ಪಾತ್ರೆಯೇ. ಸುಮಾರು 1,400 ಗ್ರಾಂ ಮಿದುಳು ಅದರೊಳಗಿನ ದ್ರವದಲ್ಲಿ ತೇಲುವುದರಿಂದ ಅದರ ತೂಕ ಬರೀ 50 ಗ್ರಾಮಿನಷ್ಟು ಅನಿಸುತ್ತದೆ. ಇಲ್ಲದಿದ್ದರೆ ತನ್ನ ಭಾರಕ್ಕೆ ತಾನೇ ಅಮುಕಿಕೊಳ್ಳುತ್ತಿತ್ತು. ಈಗ 1,000 ಜಿ ಹಾಕಿ. ತೇಲದೆ ಇದ್ದಿದ್ದರೆ 1,400 ಕಿಲೋ ಆಗಿ ಬುರುಡೆಯ ಮೇಲೆ ಕೂರುತ್ತಿತ್ತು. ತೇಲುವುದರಿಂದ 50 ಕಿಲೋ. ದೊಡ್ಡ ರಿಯಾಯಿತಿ, ಒಪ್ಪಿದೆ. ಆದರೂ ಮೊಸರಿನಷ್ಟು ಮೃದುವಾದ ಅಂಗದ ಮೇಲೆ 50 ಕಿಲೋ ಅಂದರೆ 50 ಕಿಲೋನೇ. ಸುತ್ತಲಿನ ದ್ರವದ ಪದರವೂ ತೆಳು, ಮಿದುಳು ಸರಿಯಲು ಹೆಚ್ಚು ದೂರವಿಲ್ಲ.

ಶ್ವಾಸಕೋಶದ ಕಥೆ ಇನ್ನೂ ಕೆಟ್ಟದ್ದು. ಸಾಧಾರಣ ನೀರಿನಲ್ಲಿ ಹತ್ತು ಮೀಟರ್ ಆಳಕ್ಕೆ ಇಳಿದರೆ ಒತ್ತಡ ಒಂದು ವಾಯುಭಾರದಷ್ಟು, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು, ಏರುತ್ತದೆ. 1,000 ಜಿಯಲ್ಲಿ ಅಷ್ಟು ಏರಲು ಒಂದು ಸೆಂಟಿಮೀಟರ್ ಸಾಕು. ಒಂದು ಮೀಟರ್ ಆಳದ ಡ್ರಮ್ಮು ಆ ಕ್ಷಣಕ್ಕೆ ಒಂದು ಕಿಲೋಮೀಟರ್ ಆಳದ ಸಮುದ್ರ. ತಳದಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 100 ಕಿಲೋ ಒತ್ತಡ, ಅಂದರೆ ಉಗುರಿನಷ್ಟು ಜಾಗದ ಮೇಲೆ ಎರಡು ಸಿಮೆಂಟ್ ಮೂಟೆ. ಮುಚ್ಚಳದಿಂದ 40 ಸೆಂಟಿಮೀಟರ್ ಕೆಳಗಿರುವ ಎದೆಗೂಡು 400 ಮೀಟರ್ ಆಳದಲ್ಲಿ ಇದ್ದ ಹಾಗೆ. ಉಸಿರು ಬಿಗಿಹಿಡಿದು ಆಳಕ್ಕೆ ಹೋಗುವ ಡೈವರುಗಳಿದ್ದಾರೆ. 2007ರಲ್ಲಿ ಆಸ್ಟ್ರಿಯಾದ ಹರ್ಬರ್ಟ್ ನಿಟ್ಶ್ 214 ಮೀಟರ್ ಇಳಿದು ಬಂದರು. ಅವರ ಶ್ವಾಸಕೋಶಕ್ಕೆ ಕುಗ್ಗಲು ನಿಮಿಷಗಟ್ಟಲೆ ಸಮಯ ಇತ್ತು. ಡ್ರಮ್ಮಿನವನಿಗೆ ಸಿಗುವುದು ಸೆಕೆಂಡಿನ ಐನೂರನೇ ಪಾಲು.

ಇಲ್ಲಿ ಅಕ್ಕನ ಮಗ ಒಂದು ಒಳ್ಳೇ ತಕರಾರು ತೆಗೆದ. "ಮಾಮ, ಡ್ರಮ್ಮು ಸೀಲ್ ಆಗಿದೆ. ನೀರು ಹಿಗ್ಗಲ್ಲ, ಡ್ರಮ್ಮೂ ಕುಗ್ಗಲ್ಲ. ಎದೆ ಕುಗ್ಗಿದ್ರೆ ಆ ಜಾಗಕ್ಕೆ ನೀರು ಹೋಗ್ಬೇಕು. ಆಗ ನೀರು ಬಿಟ್ಟ ಜಾಗ ಖಾಲಿ ಆಗ್ಬೇಕಲ್ವಾ?" ಹೌದು, ಆಗಲೇಬೇಕು. ಒಂದೆರಡು ಜಿ ಇದ್ದಾಗ ಅವನ ತಕರಾರು ಮನುಷ್ಯನನ್ನು ನಿಜಕ್ಕೂ ಕಾಪಾಡುತ್ತದೆ. ಮುಚ್ಚಳದ ಹತ್ತಿರದ ನೀರಿನಲ್ಲಿ ಒತ್ತಡ ಇಳಿಯುತ್ತದೆ, ಎದೆ ಕುಗ್ಗುವುದಿಲ್ಲ. ಆದರೆ ಒತ್ತಡ ಇಳಿಯುವುದಕ್ಕೂ ಒಂದು ಮಿತಿ ಇದೆ. ಮೊದಲಿದ್ದದ್ದೇ ಒಂದು ವಾಯುಭಾರ. ಅದು ಮುಗಿದ ಮೇಲೆ ನೀರು ಮುಚ್ಚಳದಿಂದ ಕಿತ್ತು ಬರುತ್ತದೆ, ನಡುವೆ ಬರೀ ನೀರಾವಿಯ ಪೊಳ್ಳು ತೆರೆಯುತ್ತದೆ. ಎಂಜಿನಿಯರುಗಳು ಇದಕ್ಕೆ ಕ್ಯಾವಿಟೇಶನ್ ಅನ್ನುತ್ತಾರೆ. ಪೆಟ್ಟು ಮುಗಿದು ಎದೆ ಮತ್ತೆ ಅರಳಿದಾಗ ಆ ಪೊಳ್ಳು ಮುಚ್ಚಿಕೊಳ್ಳುತ್ತದೆ, ನೀರು ಹೋಗಿ ಮುಚ್ಚಳಕ್ಕೆ ಒಳಗಿನಿಂದ ಬಡಿಯುತ್ತದೆ. ಬಂಡೆ ಕೆಳಗಿದ್ದರೂ ಎರಡನೇ ಏಟು ಮೇಲಿಂದ.

ನೀರು ಹಿಗ್ಗಲ್ಲ ಕುಗ್ಗಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಪೆಟ್ಟಿನ ಸುದ್ದಿ ನೀರಿನೊಳಗೆ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಹರಡುತ್ತದೆ. ಅಂದರೆ ತಳ ನಿಂತಿದ್ದು ಮೇಲಿನ ನೀರಿಗೆ ತಿಳಿಯುವ ಮೊದಲು ಕೆಳಗಿನ ನೀರು ಒಂದಿಷ್ಟು ಅಮುಕಿಕೊಂಡಿರುತ್ತದೆ. ಪಂಪ್‌ಸೆಟ್ಟಿನ ವಾಲ್ವನ್ನು ತಟ್ಟನೆ ಮುಚ್ಚಿದಾಗ ಪೈಪು ಢಮ್ ಅಂತ ಒದರುತ್ತದಲ್ಲ, ಅದೇ ಇದು. ಮಾಸ್ಕೋದ ನೀರಿನ ಪೈಪುಗಳ ಮೇಲೆ ಪ್ರಯೋಗ ಮಾಡಿ ನಿಕೊಲಾಯ್ ಜುಕೋವ್‌ಸ್ಕಿ 1898ರಲ್ಲಿ ಇದರ ಸೂತ್ರ ಪ್ರಕಟಿಸಿದರು. ನಮ್ಮ ಡ್ರಮ್ಮು ಬಂಡೆಯ ಮೇಲೆ ಒಂದು ಕೂದಲೂ ತಗ್ಗದೆ ನಿಂತುಬಿಟ್ಟರೆ ಒತ್ತಡ ಎಷ್ಟಾಗುತ್ತದೆ ಅಂತ ಆ ಸೂತ್ರಕ್ಕೆ ಕೇಳಿದರೆ 300 ವಾಯುಭಾರ ಅನ್ನುತ್ತದೆ. ನೀರು ಕುಗ್ಗುವುದು ಶೇಕಡಾ 1.3ರಷ್ಟು.

ಹೀಗೆ ಒಳಗಿನಿಂದ ಒತ್ತಡ ಬಿದ್ದರೆ ಏನಾಗುತ್ತದೆ ಅಂತ ಅರಸೀಕೆರೆ ಕಡೆಯ ಯಾವ ತೋಟದಲ್ಲಾದರೂ ನೋಡಬಹುದು. ಬಲಿತ ಕಾಯಿಯನ್ನು ಮರದ ಮೇಲಿಂದ ಸೀದಾ ಕೆಡವುತ್ತಾರೆ. ಎಳನೀರಿನ ಗೊನೆಯನ್ನು ಹಗ್ಗ ಕಟ್ಟಿ ಇಳಿಸುತ್ತಾರೆ. ಮರ ಹತ್ತುವವರೊಬ್ಬರನ್ನು ಯಾಕಣ್ಣ ಹೀಗೆ ಅಂತ ಕೇಳಿದ್ದೆ. "ಬಿಟ್ರೆ ಒಡೆದೋಯ್ತದೆ ಸಾರ್. ನೀರು ನೆಲಕ್ಕೆ, ಬುರುಡೆ ನಿಮಗೆ" ಅಂದರು. ಹಗ್ಗ ಜಾರಿ ಬಿದ್ದ ಒಂದನ್ನು ಎತ್ತಿ ತೋರಿಸಿದರು. ನೆಲಕ್ಕೆ ತಗುಲಿದ ಕಡೆ ಹಸಿರು ಸಿಪ್ಪೆ ಒಂಚೂರು ಜಜ್ಜಿತ್ತು ಅಷ್ಟೇ. ಸೀಳು ಬಿಟ್ಟಿದ್ದು ಪಕ್ಕದಲ್ಲಿ, ತೊಟ್ಟಿನಿಂದ ಕೆಳಗಿನತನಕ ಉದ್ದಕ್ಕೆ. ಅಂಚಿಗೆ ಗಂಜಿ ಮೆತ್ತಿಕೊಂಡಿತ್ತು.

ಎಳನೀರಿನೊಳಗೆ ಗಾಳಿಗೆ ಜಾಗ ಇರುವುದಿಲ್ಲ. ಅಲ್ಲಾಡಿಸಿದರೆ ಸದ್ದಿಲ್ಲ, ಮಚ್ಚಿನ ಮೊನೆ ತಾಕಿದರೆ ಪಿಚ್ಚನೆ ಚಿಮ್ಮುತ್ತದೆ. ಕರಟ ಇನ್ನೂ ಮೆತ್ತಗೆ. ಸಿಪ್ಪೆಯೂ ಹಸಿ, ಅದರೊಳಗೂ ನೀರು, ಹಾಗಾಗಿ ಅದು ಹೆಚ್ಚು ಅಮುಕುವುದಿಲ್ಲ. ಬಿದ್ದಾಗ ನಿಲ್ಲಲು ಸಿಗುವ ದೂರ ಕಮ್ಮಿ, ಒಳಗಿನ ಒತ್ತಡ ಕರಟದ ಎಲ್ಲ ಕಡೆಗೂ ಹೋಗುತ್ತದೆ, ಎಲ್ಲಿ ಬಲ ಇಲ್ಲವೋ ಅಲ್ಲಿ ಸೀಳುತ್ತದೆ. ಬಲಿತ ಕಾಯಿಯಲ್ಲಿ ನೀರು ಕಮ್ಮಿಯಾಗಿ ಗಾಳಿ ಸೇರಿರುತ್ತದೆ. ಅಂಗಡಿಯಲ್ಲಿ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತೇವಲ್ಲ, ಅದು. ಕರಟ ಕಲ್ಲಿನಂತೆ. ಎಲ್ಲಕ್ಕಿಂತ ಮುಖ್ಯ, ಸುತ್ತ ಒಣನಾರು. ಬಿದ್ದಾಗ ಆ ನಾರು ಅಮುಕುತ್ತದೆ. ಎಳನೀರು ಪೆಟ್ಟನ್ನು ಹಂಚಿ ಒಡೆಯಿತು. ಕಾಯಿ ಪೆಟ್ಟಿಗೆ ದೂರ ಕೊಟ್ಟು ಉಳಿಯಿತು. ಹೆಲ್ಮೆಟ್ಟಿನೊಳಗೆ ಥರ್ಮೋಕೋಲಿನಂಥ ಪದರ ಇಡುವುದೂ ಇದಕ್ಕೇ. ಅದು ಜಜ್ಜಿಹೋಗಬೇಕು, ಜಜ್ಜಿಹೋಗುವುದೇ ಅದರ ಕೆಲಸ. ಒಮ್ಮೆ ಬಿದ್ದ ಹೆಲ್ಮೆಟ್ಟನ್ನು ಒರೆಸಿ ಮತ್ತೆ ಹಾಕಿಕೊಳ್ಳುವವರು ಇದನ್ನು ದಯವಿಟ್ಟು ಇನ್ನೊಮ್ಮೆ ಓದಿ.

ಹಂಚುವುದರಿಂದ ಉಪಯೋಗವೇ ಇಲ್ಲವಾ? ಇದೆ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಫ್ರಾಂಕ್ಸ್ ಅನ್ನುವ ವೈದ್ಯ ಕ್ಯಾನ್ಸರ್ ಸಂಶೋಧನೆ ಮಾಡುತ್ತಿದ್ದರು. ಜೋರಾಗಿ ತಿರುಗುವ ಸೆಂಟ್ರಿಫ್ಯೂಜಿನಲ್ಲಿ ಅವರ ಗಾಜಿನ ನಳಿಗೆಗಳು ಒಡೆಯುತ್ತಿದ್ದವು. ನಳಿಗೆಯನ್ನು ದ್ರವ ತುಂಬಿದ ಇನ್ನೊಂದು ಗಟ್ಟಿ ಸೀಸೆಯೊಳಗೆ ಇಟ್ಟು ತಿರುಗಿಸಿದರು, ಒಡೆಯುವುದು ನಿಂತಿತು. ಆಮೇಲೆ ಇಲಿಗಳನ್ನು ನೀರು ತುಂಬಿದ ರಬ್ಬರ್ ಚೀಲದಲ್ಲಿ ಇಟ್ಟು ತಿರುಗಿಸಿದರು. 240 ಜಿಯಲ್ಲೂ ಬದುಕಿ ಬಂದವು. ಇದೇ ಎಳೆ ಹಿಡಿದು ಎರಡನೇ ಮಹಾಯುದ್ಧದಲ್ಲಿ ಪೈಲಟ್‌ಗಳಿಗೆ ನೀರು ತುಂಬಿದ ಉಡುಪು ಮಾಡಿದರು. 1942ರಲ್ಲಿ ಉತ್ತರ ಆಫ್ರಿಕಾದ ದಾಳಿಯಲ್ಲಿ ಬ್ರಿಟಿಷ್ ನೌಕಾಪಡೆಯ ಪೈಲಟ್‌ಗಳು ಅದನ್ನು ತೊಟ್ಟಿದ್ದರು. ನೀರು ಹೊತ್ತು ತಿರುಗುವುದು ಕಷ್ಟ ಅಂತ ಮುಂದೆ ಗಾಳಿ ತುಂಬುವ ಉಡುಪು ಬಂತು. 1958ರಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಫ್ಲಾನಗನ್ ಗ್ರೇ ಅನ್ನುವವರು ನೀರು ತುಂಬಿದ ಲೋಹದ ಕವಚದೊಳಗೆ ಉಸಿರು ಬಿಗಿಹಿಡಿದು ಕೂತು 31.25 ಜಿಯನ್ನು ಐದು ಸೆಕೆಂಡು ತಡೆದುಕೊಂಡರು. ನಮ್ಮ ಡ್ರಮ್ಮಿನ ಮನುಷ್ಯನಿಗೆ ಇವರಿಗಿಂತ ಹತ್ತಿರದ ನೆಂಟರು ಯಾರೂ ಇಲ್ಲ.

ಗಾಳಿಯೇ ತೊಂದರೆ ಅಂದಮೇಲೆ ಶ್ವಾಸಕೋಶಕ್ಕೂ ದ್ರವ ತುಂಬಿದರೆ ಆಯಿತಲ್ಲ ಅನಿಸುತ್ತದೆ. 1966ರಲ್ಲಿ ಲೇಲೆಂಡ್ ಕ್ಲಾರ್ಕ್ ಮತ್ತು ಜೊತೆಯವರು ಆಮ್ಲಜನಕ ತುಂಬಿದ ಫ್ಲೂರೋಕಾರ್ಬನ್ ದ್ರವದಲ್ಲಿ ಇಲಿಗಳನ್ನು ಮುಳುಗಿಸಿ ಉಸಿರಾಡಿಸಿ ತೋರಿಸಿದರು. ಆದರೆ ಅಂಥ ದ್ರವ ನೀರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಎದೆಯಲ್ಲಿದ್ದ ಬೆಂಡು ತೆಗೆದು ಮೊಳೆ ಇಟ್ಟ ಹಾಗಾಯಿತು.

ಇದನ್ನು ಪ್ರಕೃತಿ ಚೆನ್ನಾಗಿ ಬಗೆಹರಿಸಿರುವ ಜಾಗ ಒಂದಿದೆ. ಬಸಿರಿನಲ್ಲಿರುವ ಮಗುವಿನ ಶ್ವಾಸಕೋಶದಲ್ಲಿ ಗಾಳಿ ಇರುವುದಿಲ್ಲ, ದ್ರವವೇ ಇರುತ್ತದೆ. ಸುತ್ತಲೂ ನೀರು, ಒಳಗೂ ನೀರು. ಮೂಳೆ ಇನ್ನೂ ಬಲಿತಿಲ್ಲ. ಆದರೂ ವಾಹನ ಅಪಘಾತಗಳಲ್ಲಿ ವೈದ್ಯರು ಮುಖ್ಯವಾಗಿ ಹೆದರುವುದು ಮಾಸಿನ ಬಗ್ಗೆ. ಗರ್ಭಕೋಶದ ಗೋಡೆ ಹಿಗ್ಗುತ್ತದೆ, ಮಾಸು ಅಷ್ಟು ಹಿಗ್ಗುವುದಿಲ್ಲ. ಎರಡೂ ಅಂಟಿಕೊಂಡಿರುವ ಜಾಗದಲ್ಲಿ ಬಿಟ್ಟುಕೊಳ್ಳುತ್ತದೆ. ಬಸುರಿಯರು ಸೀಟ್ ಬೆಲ್ಟಿನ ಕೆಳಗಿನ ಪಟ್ಟಿಯನ್ನು ಹೊಟ್ಟೆಯ ಮೇಲೆ ಹಾಕದೆ, ಹೊಟ್ಟೆಯ ಕೆಳಗೆ ಸೊಂಟದ ಮೂಳೆಗೆ ಒತ್ತಿಕೊಂಡಂತೆ ಹಾಕಬೇಕು ಅನ್ನುವುದು ಇದರಿಂದಲೇ. ಹಾಗಂತ ಬೆಲ್ಟೇ ಬೇಡ ಅಂತಲ್ಲ.

ಡ್ರಮ್ಮಿನವನ ತೀರ್ಪು ಹೇಳಿಬಿಡುತ್ತೇನೆ. ಬಂಡೆಯ ಮೇಲೆ 1,000 ಜಿ, ಅವನು ಬದುಕುವುದಿಲ್ಲ. ಮೂಳೆ ಮುರಿಯದೆ ಇರಬಹುದು, ಎದೆ ಉಳಿಯುವುದಿಲ್ಲ. ಉತ್ತ ಹೊಲದ 100 ಜಿಯಲ್ಲಿ ನಾನು ಅವನನ್ನು ಕೂರಿಸುವುದಿಲ್ಲ, ಮಲಗಿಸುತ್ತೇನೆ. ಒತ್ತಡ ನೀರು ಎಷ್ಟಿದೆ ಅನ್ನುವುದನ್ನು ನೋಡುವುದಿಲ್ಲ, ಎಷ್ಟು ಆಳ ಅನ್ನುವುದನ್ನು ಮಾತ್ರ ನೋಡುತ್ತದೆ. ಮಲಗಿದವನ ಬೆನ್ನಿನ ಮೇಲೆ 30 ಸೆಂಟಿಮೀಟರ್ ನೀರಿದ್ದರೆ ಅಲ್ಲಿ ಏರುವ ಒತ್ತಡ ಮೂರು ವಾಯುಭಾರ. ಗಗನಯಾತ್ರಿಗಳನ್ನು ಅಂಗಾತ ಮಲಗಿಸಿ ಹಾರಿಸುವುದರಲ್ಲೂ ಇಂಥದ್ದೇ ಲೆಕ್ಕ ಇದೆ, ಅಲ್ಲಿ ನೀರಿನ ಬದಲು ರಕ್ತ. ಹೊಲದಲ್ಲಿ ಅವನಿಗೆ ಒಂದು ಅವಕಾಶ ಇದೆ ಅನ್ನುತ್ತೇನೆ. ಪಣ ಕಟ್ಟುವುದಿಲ್ಲ.

ಅದರ ಬದಲು ನೀರನ್ನೆಲ್ಲ ಚೆಲ್ಲಿ ಡ್ರಮ್ಮಿನ ಕೆಳಗೆ ಚೆನ್ನಾಗಿ ಅಮುಕುವಂಥ ಪದರ ಕಟ್ಟಿ, ಡ್ರಮ್ಮು ಒಂದು ಮೀಟರ್ ಕುಸಿದು ನಿಲ್ಲುವ ಹಾಗೆ ಮಾಡಿ. 20 ಮೀಟರ್ ಭಾಗಿಸು 1 ಮೀಟರ್, 20 ಜಿ. ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟಾಪ್ 1954ರ ಡಿಸೆಂಬರ್ 10ರಂದು ರಾಕೆಟ್ ಕಟ್ಟಿದ ಗಾಡಿಯಲ್ಲಿ ಗಂಟೆಗೆ 1,017 ಕಿಲೋಮೀಟರ್ ವೇಗದಲ್ಲಿ ಹೋಗಿ 1.4 ಸೆಕೆಂಡಿನಲ್ಲಿ ನಿಂತರು. ಅತಿ ಹೆಚ್ಚಾದಾಗ 46.2 ಜಿ. ಕಣ್ಣಿಗೆ ರಕ್ತ ನುಗ್ಗಿ ಸ್ವಲ್ಪ ಹೊತ್ತು ಏನೂ ಕಾಣದಂತಾದರು, ಆದರೆ ಬದುಕಿದರು. ಅವರ ಸುತ್ತ ನೀರು ಇರಲಿಲ್ಲ, ಬೆಲ್ಟು ಇತ್ತು.

"ಹಾಗಾದ್ರೆ ಆ ಗ್ರೇ ಯಾಕೆ ನೀರಲ್ಲಿ ಕೂತಿದ್ದು?" ಅಂತ ಅಕ್ಕನ ಮಗ ಕೇಳಿದ. ಗ್ರೇ ಬೀಳುತ್ತಿರಲಿಲ್ಲ, ದೊಡ್ಡ ಸೆಂಟ್ರಿಫ್ಯೂಜಿನಲ್ಲಿ ತಿರುಗುತ್ತಿದ್ದರು. ಬಿದ್ದವನಿಗೆ ಪೆಟ್ಟು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ, ಅವನಿಗೆ ನಿಲ್ಲುವ ದೂರ ಜಾಸ್ತಿ ಮಾಡಿಕೊಡಬಹುದು. ರಾಕೆಟ್ಟಿನಲ್ಲಿ ಏರುತ್ತಿರುವವನಿಗೆ, ತಿರುವಿನಲ್ಲಿರುವ ಪೈಲಟ್ಟಿಗೆ ಜಿ ಸೆಕೆಂಡುಗಟ್ಟಲೆ, ನಿಮಿಷಗಟ್ಟಲೆ ಕೂತಿರುತ್ತದೆ. ಅಲ್ಲಿ ಜಾಸ್ತಿ ಮಾಡಲು ಯಾವ ದೂರವೂ ಇಲ್ಲ. ರಕ್ತ ಕಾಲಿಗೆ ಇಳಿಯುತ್ತದೆ, ಮಿದುಳಿಗೆ ಏರುವುದಿಲ್ಲ. ಆಗ ಹೊರಗಿನ ನೀರೂ ಅಷ್ಟೇ ಜೋರಾಗಿ ಕಾಲನ್ನು ಒತ್ತಿ ಹಿಡಿದರೆ ರಕ್ತ ಇರುವಲ್ಲೇ ಇರುತ್ತದೆ. ಅವನು ಇದನ್ನು ಕೇಳಿ, ಡ್ರಮ್ಮಿಗೆ ಒಂದು ರಾಕೆಟ್ ಕಟ್ಟಿದರೆ ಎಷ್ಟು ಜಿತನಕ ಹೋಗಬಹುದು ಅಂತ ನೋಟ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಶುರು ಮಾಡಿದ. ಭಾವ ಪೇಪರ್ ಮಡಚಿಟ್ಟು, ಮೊದಲು ನಾಳೆಯ ಟೆಸ್ಟಿಗೆ ಓದು ಅಂದರು.